ರೇಷ್ಮೆ, ರಾಗಿ, ನೈಲಾನ್

ಟೀಪೂ ಸುಲ್ತಾನನು ಬಂಗಾಳದಿಂದ ರೇಷ್ಮೆಹುಳುಗಳನ್ನು ಶ್ರೀರಂಗಪಟ್ಟಣಕ್ಕೆ ತರಿಸಿದನೆಂದು ಚರಿತ್ರೆಯ ಪಾಠದಲ್ಲಿ ಓದಿರುವೆವು. ಆ ಹುಳುವು ಹಿಪ್ಪುನೇರಳೆಯ ಎಲೆಯನ್ನು ಮೇದು ಬಾಯಿಂದ ಬಿಡುವ ಎಳೆಯು ರಸಾಯನಶಾಸ್ತ್ರದ ದೃಷ್ಟಿಗೆ ನೀಳವಾದ ಸರಪಣಿಗಳ ಕಂತೆ. ಸಣ್ಣ ಅಣುಗಳು ಸಾಲಾಗಿ ಕೊಂಡಿ ಹಾಕಿಕೊಂಡು ಬೆಳೆದ ಇಂಥ ಸರಪಣಿಗೆ ಪಾಲಿಮರ್ ಎಂದು ಹೆಸರು.

ನಮ್ಮ ಹೊಲಗದ್ದೆಗಳಲ್ಲಿಯೂ ಇವು ಹೇರಳವಾಗಿವೆ. ಪಾಂಡವಪುರದ ಕಬ್ಬಿನ ಸಿಪ್ಪೆ, ನಾಗಮಂಗಲ ಮತ್ತು ಕೃಷ್ಣರಾಜಪೇಟೆಗಳ ತೆಂಗಿನ ನಾರು, ಹತ್ತಿ, ಇವೆಲ್ಲದರಲ್ಲಿಯೂ ಸೆಲ್ಯುಲೋಸ್ ಎಂಬ ಪಾಲಿಮರ್ ಇರುವುದು. ಗ್ಲೂಕೋಸ್ ಅದರ ಮಣಿ. ರಾಗಿಯ ಪಿಷ್ಟಕ್ಕೂ ಗ್ಲೂಕೋಸೇ ಮಣಿ! ಪೋಣಿಸಿದ ರೀತಿ ಮಾತ್ರ ಬೇರೆ. ಅಷ್ಟರಿಂದಲೇ ಮುದ್ದೆಯು ನಮಗೆ ಅರಗುವುದು, ಕಬ್ಬಿನ ಸಿಪ್ಪೆಯನ್ನು ಉಗುಳಬೇಕಾಗುವುದು. ದನಗಳಿಗೆ ಹುಲ್ಲು ಅರಗುವುದು ಅವುಗಳ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳ ಉಪಕಾರದಿಂದ.

ಮರದ ಸೆಲ್ಯುಲೋಸನ್ನು ರಾಸಾಯನಿಕಗಳಿಂದ ಪಾಕಮಾಡಿ, ಸೂಕ್ಷ್ಮ ರಂಧ್ರಗಳ ಮೂಲಕ ಆಮ್ಲದೊಳಕ್ಕೆ ಹಾಯಿಸಿದರೆ ರೇಯಾನ್ ಆಗುವುದು. ಹರಿಹರದ ಬಳಿಯ ಕುಮಾರಪಟ್ಟಣದಲ್ಲಿ ಇಂಥ ನಾರಿನ ಕಾರ್ಖಾನೆಯಿದೆ. ಇಲ್ಲಿ ಸರಪಣಿ ಮರದ್ದೇ. ಮನುಷ್ಯನು ಅದಕ್ಕೆ ಹೊಸ ರೂಪವನ್ನು ಕೊಟ್ಟನಷ್ಟೆ.

ಸರಪಣಿಯನ್ನೇ ಹೊಸದಾಗಿ ಹೆಣೆದು ನೈಲಾನನ್ನು ಮಾಡಿದವರು ಅಮೆರಿಕದ ವ್ಯಾಲೇಸ್ ಕ್ಯಾರೊದರ್ಸ್, ಅದು 1935ರಲ್ಲಿ. ಎರಡು ಬಗೆಯ ಸಣ್ಣ ಅಣುಗಳು ಒಂದಾದ ಮೇಲೊಂದರಂತೆ ಕೂಡುತ್ತವೆ. ಕೂಡಿದಲ್ಲೆಲ್ಲಾ ನೀರಿನ ಒಂದು ಅಣು ಹೊರಬೀಳುವುದು. ಹಾಗೆ ಬಿದ್ದ ಗಂಟು ರೇಷ್ಮೆಯಲ್ಲಿರುವ ಗಂಟಿನ ಜಾತಿಯದೇ. ಹುಳುವು ಅನಾದಿಯಿಂದ ಬಲ್ಲ ವಿದ್ಯೆಯಿದು! ಪಾಲಿಯೆಸ್ಟರ್ ನೂಲು 1941ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ಅದರ ಗಂಟು ಬೇರೆ.

ಈ ಗಂಟುಗಳ ಗೊಡವೆ ಗೃಹಿಣಿಯರಿಗೇಕೆ ಎಂದು ಕೇಳಬಹುದು. ಅಂಗಡಿಯಲ್ಲಿ ಹೊಳೆಯುವ ಸೀರೆಗಳಿಗೆಲ್ಲಾ ರೇಷ್ಮೆಯೆಂಬ ಹೆಸರು ಸುಲಭವಾಗಿ ಅಂಟಿಕೊಳ್ಳುವುದು. ಸೆರಗಿನಿಂದ ಜರಿಯಿಲ್ಲದ ಒಂದೆಳೆಯನ್ನು ತೆಗೆದು, ಚಿಮಟದಲ್ಲಿ ಹಿಡಿದು, ತಟ್ಟೆಯ ಮೇಲೆ ದೀಪಕ್ಕೊಡ್ಡಿ ನೋಡಬೇಕು. ಇದು ಹಿರಿಯರು ಮಾಡತಕ್ಕ ಪರೀಕ್ಷೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಉಳಿದ ಕರಿಯು ಬೆರಳಲ್ಲಿ ಪುಡಿಯಾಗುವುದು. ಹತ್ತಿ, ರೇಯಾನ್‌ಗಳು ಕಾಗದದಂತೆ ಉರಿಯುವುವು. ನೈಲಾನ್, ಪಾಲಿಯೆಸ್ಟರುಗಳು ಕರಗಿ, ಆರಿದ ಮೇಲೆ ಗಟ್ಟಿಯಾದ ಗುಂಡಾಗುವುವು.

ಆ ಗುಂಡನ್ನು ಕಂಡವರಿಗೆ ಒಲೆಯ ಮುಂದಿನ ಅಪಾಯವು ತಾನೇ ತಿಳಿಯುವುದು. ಹತ್ತಿಯ ಸೀರೆಗೂ ಬೆಂಕಿ ತಗಲುವುದು ನಿಜ. ಆದರೆ ಪಾಲಿಯೆಸ್ಟರು ಕರಗಿ ಚರ್ಮಕ್ಕೆ ಅಂಟಿಕೊಂಡು ಗಾಯವನ್ನು ಆಳಮಾಡುವುದು. ಅಡಿಗೆಮನೆಯಲ್ಲಿ ಇಂಥ ಸಡಿಲ ಸೆರಗು ಬೇಡವೆಂದೇ ನಮ್ಮ ಅಭಿಪ್ರಾಯ. ಅನಾಹುತವಾದರೆ ಮೊದಲು ಬೆಂಕಿಯನ್ನು ಆರಿಸಿ, ಸುಟ್ಟ ಭಾಗದ ಮೇಲೆ 20 ನಿಮಿಷಗಳ ಕಾಲ ತಣ್ಣೀರನ್ನು ಹರಿಯಬಿಡಬೇಕು. ಅಂಟಿದ ಬಟ್ಟೆಯನ್ನು ಕೀಳದೆ ಹಾಗೆಯೇ ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು.