ಗೋಪುರದ ತುದಿಯ ಬಾಣಂತನ: ಪೆರೆಗ್ರಿನ್ ಗೂಡು ನೋಡಲು ಕಲಿಯುವವರಿಗೆ

ಪೆರೆಗ್ರಿನ್ ಫಾಲ್ಕನ್ ಹಕ್ಕಿಯ ಗೂಡನ್ನು ಮೊದಲ ಸಲ ಕ್ಯಾಮೆರಾದಲ್ಲಿ ನೋಡುವವರು ಸಾಮಾನ್ಯವಾಗಿ ಗಾಬರಿಯಿಂದಲೇ ಶುರುಮಾಡುತ್ತಾರೆ. ‘ಮೊಟ್ಟೆಯನ್ನು ಹಾಗೇ ಬಿಟ್ಟು ತಾಯಿ ಎಲ್ಲಿ ಹೋಯಿತು?’, ‘ಆ ಚಿಕ್ಕ ಮರಿಗೆ ಊಟವೇ ಸಿಗುತ್ತಿಲ್ಲವಲ್ಲ!’, ‘ಅಯ್ಯೋ, ಮರಿ ಅಂಚಿಗೆ ಬಂತು, ಬಿದ್ದೇಬಿಡುತ್ತದೆ!’ ಈ ಮೂರಕ್ಕೂ ಉತ್ತರವಿದೆ. ಗೂಡಿನಲ್ಲಿ ನಡೆಯುವುದಕ್ಕೆಲ್ಲ ಒಂದು ಕ್ರಮವಿದೆ, ಪ್ರತಿ ಹಂತಕ್ಕೂ ಕಾರಣವಿದೆ. ಕಾರಣ ಗೊತ್ತಿದ್ದವರಿಗೆ ಬರೀ ಸುಮ್ಮನೆ ಕೂತ ಹಕ್ಕಿಯಲ್ಲೂ ನೋಡುವುದಕ್ಕೆ ಬೇಕಾದಷ್ಟು ಸಿಗುತ್ತದೆ. ಆ ಕ್ರಮವನ್ನು ಒಂದೊಂದಾಗಿ ನೋಡೋಣ.

ಕಲಿಯುವುದಕ್ಕೆ ಒಂದೇ ಗೂಡನ್ನು ಹಿಡಿದುಕೊಳ್ಳುವುದು ಒಳ್ಳೆಯದು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ಸುಮಾರು 94 ಮೀಟರ್ ಎತ್ತರದ ಗಡಿಯಾರ ಗೋಪುರವೊಂದಿದೆ. ಹೆಸರು ಸೇದರ್ ಟವರ್, ಎಲ್ಲರ ಬಾಯಲ್ಲಿ ಕ್ಯಾಂಪನೀಲೆ. 2017ರಲ್ಲಿ ಒಂದು ಜೋಡಿ ಈ ಗೋಪುರದ ಮೇಲಿದ್ದ ಮರಳಿನ ಚೀಲವನ್ನೇ ಗೂಡಿಗೆ ಆರಿಸಿಕೊಂಡಿತು. ಜೀವಶಾಸ್ತ್ರಜ್ಞರು ಸಣ್ಣ ಜಲ್ಲಿಕಲ್ಲು ತುಂಬಿದ ತಟ್ಟೆಯೊಂದನ್ನು ಒದಗಿಸಿದರು. ಹೆಣ್ಣಿಗೆ ಆನಿ, ಗಂಡಿಗೆ ಗ್ರಿನೆಲ್ ಎಂದು ಹೆಸರಿಟ್ಟರು. ಆನಿ ಅಲೆಕ್ಸಾಂಡರ್ ಆ ವಿಶ್ವವಿದ್ಯಾಲಯದ ಕಶೇರುಕ ಪ್ರಾಣಿ ಸಂಗ್ರಹಾಲಯವನ್ನು ಸ್ಥಾಪಿಸಿದವರು, ಜೋಸೆಫ್ ಗ್ರಿನೆಲ್ ಅದರ ಮೊದಲ ನಿರ್ದೇಶಕರು. 2019ರಿಂದ ಈ ಗೂಡಿಗೆ ಕ್ಯಾಮೆರಾ ಬಂದಿದೆ. ಬೇ ಏರಿಯಾದಲ್ಲಿರುವ ಕನ್ನಡಿಗರು ಗೋಪುರದ ಬಳಿಗೇ ಹೋಗಿ ನೋಡಬಹುದು. ಊರಲ್ಲಿರುವವರು ಒಂದು ಲೆಕ್ಕ ನೆನಪಿಟ್ಟುಕೊಂಡರೆ ಸಾಕು: ಮೊಟ್ಟೆ–ಮರಿಗಳ ಕಾಲದಲ್ಲಿ ಬರ್ಕ್ಲಿಯ ಬೆಳಗಿನ ಆರು ಗಂಟೆ ಎಂದರೆ ಬೆಂಗಳೂರಿನ ಸಂಜೆ ಆರೂವರೆ. ಅಲ್ಲಿನ ಬೆಳಗಿನ ಊಟ ಇಲ್ಲಿನ ಸಂಜೆಯ ಕಾಫಿ ಹೊತ್ತಿಗೆ ಸ್ವಲ್ಪ ಆಚೀಚೆಯಾಗಿ ನಡೆಯುತ್ತದೆ.

ಮೊದಲು ಯಾರು ಯಾರೆಂದು ತಿಳಿಯಿರಿ

ಪೆರೆಗ್ರಿನ್‌ನ ಗುರುತು ಮುಖದಲ್ಲೇ ಇದೆ. ಕಣ್ಣಿನ ಕೆಳಗಿನಿಂದ ಕೆನ್ನೆಯ ಮೇಲೆ ಇಳಿದ ದಪ್ಪ ಕಪ್ಪು ಮೀಸೆ, ಕಣ್ಣ ಸುತ್ತ ಹಳದಿ ಉಂಗುರ, ನೀಲಿ ಬೂದು ಬೆನ್ನು. ಬೆಳೆದ ಹಕ್ಕಿಯ ಎದೆ, ಹೊಟ್ಟೆಯ ಮೇಲಿನ ಪಟ್ಟೆಗಳು ಅಡ್ಡಡ್ಡ ಇರುತ್ತವೆ. ಒಂದು ವರ್ಷ ತುಂಬದ ಹಕ್ಕಿ ಕಂದುಬಣ್ಣದ್ದು, ಅದರ ಎದೆಯ ಗೆರೆಗಳು ಉದ್ದುದ್ದ. ಗೋಪುರದ ಹತ್ತಿರ ಕಂದು ಬಣ್ಣದ, ಉದ್ದ ಗೆರೆಯ ಹಕ್ಕಿ ಕಂಡರೆ ಅದು ಮನೆಯ ಮಗುವೋ ಹೊರಗಿನ ಎಳೆಯ ಅತಿಥಿಯೋ ಆಗಿರಬೇಕು.

ಗಂಡು ಹೆಣ್ಣಿನ ಬಣ್ಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಗಾತ್ರವನ್ನೇ ನೋಡಬೇಕು. ಹೆಣ್ಣು ಗಂಡಿಗಿಂತ ಸುಮಾರು ಮೂರನೇ ಒಂದು ಪಾಲು ದೊಡ್ಡದು. ಒಂದೇ ಹಕ್ಕಿ ಕಾಣುತ್ತಿದ್ದಾಗ ಗಾತ್ರ ಅಂದಾಜಿಸುವುದು ಕಷ್ಟ, ಹೊಸಬರು ಇಲ್ಲಿ ತಬ್ಬಿಬ್ಬಾಗುತ್ತಾರೆ. ಎರಡೂ ಒಟ್ಟಿಗೆ ಬರುವವರೆಗೆ ಕಾದು, ಆಮೇಲೆ ಪ್ರತಿಯೊಂದರ ಮುಖ, ಎದೆಗಳಲ್ಲಿ ಚಿಕ್ಕಪುಟ್ಟ ವ್ಯತ್ಯಾಸ ಹುಡುಕಿ. ಕಾಲಿನ ಉಂಗುರವಿದ್ದರೆ ಕೆಲಸ ಸುಲಭ.

ಇವು ಬೇಟೆಯಾಡುವುದು ಹೆಚ್ಚಾಗಿ ಹಾರುವ ಹಕ್ಕಿಗಳನ್ನೇ. ಎತ್ತರಕ್ಕೇರಿ, ರೆಕ್ಕೆ ಮಡಚಿ, ಗಂಟೆಗೆ 300 ಕಿ.ಮೀ. ಮೀರಿದ ವೇಗದಲ್ಲಿ ಮಿಕದ ಮೇಲೆ ಎರಗುತ್ತವೆ. ಇಂಥ ಬೇಟೆಗೆ ಎತ್ತರದ ಕೂರುವ ಜಾಗ, ಕೆಳಗೆ ತೆರೆದ ಬಯಲು, ಸುತ್ತ ತುಂಬ ಪಾರಿವಾಳ ಬೇಕು. ಕಡಿದಾದ ಬಂಡೆಗಳಲ್ಲಿ ಸಿಗುವುದೆಲ್ಲ ನಗರದ ಗೋಪುರಗಳಲ್ಲೂ ಸಿಕ್ಕಿದ್ದರಿಂದ ಅವು ಊರು ಸೇರಿದವು. ಇದೇನೂ ನಿನ್ನೆ ಮೊನ್ನೆಯದಲ್ಲ. 1940ರ ದಶಕದಲ್ಲೇ ಕೆನಡಾದ ಮಾಂಟ್ರಿಯಲ್‌ನ ಸನ್ ಲೈಫ್ ಕಟ್ಟಡದಲ್ಲಿ ಒಂದು ಜೋಡಿ ಸಂಸಾರ ಹೂಡಿತ್ತು.

ಮೊಟ್ಟೆಯ ಕಾಲ

ಪೆರೆಗ್ರಿನ್ ಕಡ್ಡಿ ಕಟ್ಟಿ ಗೂಡು ಮಾಡುವುದಿಲ್ಲ. ಎದೆಯನ್ನು ನೆಲಕ್ಕೆ ಒತ್ತಿ, ಕಾಲಿನಿಂದ ಹಿಂದಕ್ಕೆ ಕೆರೆದು ಜಲ್ಲಿಯಲ್ಲಿ ಒಂದು ತಗ್ಗು ಮಾಡುತ್ತದೆ, ಅಷ್ಟೇ. ಕಟ್ಟಡಗಳ ಸಿಮೆಂಟಿನ ನೆಲದಲ್ಲಿ ತಗ್ಗು ಮಾಡಲಾಗುವುದಿಲ್ಲ, ಮೊಟ್ಟೆ ಉರುಳಿ ಹೋಗುತ್ತದೆ. ಜಲ್ಲಿಯ ತಟ್ಟೆ ಇಡುವುದು ಇದಕ್ಕಾಗಿಯೇ. ಮೊಟ್ಟೆಗೆ ಮುಂಚಿನ ವಾರಗಳಲ್ಲಿ ಗಂಡು ಹೆಣ್ಣು ಎದುರುಬದುರು ತಲೆ ಬಾಗಿಸಿ ಕೂಗಾಡುವುದನ್ನು ನೋಡಬಹುದು. ಗಂಡು ಬೇಟೆ ತಂದು ಹೆಣ್ಣಿಗೆ ಒಪ್ಪಿಸುವುದೂ ಆಗಲೇ ಶುರು. ಮುಂದೆ ತಿಂಗಳುಗಟ್ಟಲೆ ಮನೆಯ ಊಟ ಹೆಚ್ಚಾಗಿ ಅದರ ಮೇಲೇ ನಿಂತಿರುತ್ತದೆ.

ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಮೊಟ್ಟೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಸುಮಾರು ಎರಡು ದಿನ. ಈಗ ಮೊದಲ ಗಾಬರಿಗೆ ಬರೋಣ. ಒಂದೋ ಎರಡೋ ಮೊಟ್ಟೆ ಇದ್ದಾಗ ತಾಯಿ ಅವುಗಳನ್ನು ಗಂಟೆಗಟ್ಟಲೆ ತೆರೆದೇ ಬಿಟ್ಟಿರಬಹುದು. ಅದು ಅಸಡ್ಡೆಯಲ್ಲ. ಸತತವಾಗಿ ಕಾವು ಸಿಗುವವರೆಗೆ ಮೊಟ್ಟೆಯೊಳಗಿನ ಬೆಳವಣಿಗೆ ಶುರುವಾಗುವುದಿಲ್ಲ. ಕೊನೆಯದಕ್ಕಿಂತ ಒಂದು ಮೊಟ್ಟೆ ಮುಂಚೆ, ಅಂದರೆ ಎರಡನೆಯದೋ ಮೂರನೆಯದೋ ಬಂದ ಮೇಲೆ, ಪೂರ್ತಿ ಕಾವು ಆರಂಭವಾಗುತ್ತದೆ. ಹೀಗಾಗಿ ಮರಿಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಹೊರಬರುತ್ತವೆ, ವಯಸ್ಸಿನ ಅಂತರ ಕಡಿಮೆಯಿರುತ್ತದೆ. ಮೊದಲ ಮೊಟ್ಟೆಗೇ ಕಾವು ಕೊಟ್ಟಿದ್ದರೆ ಹಿರಿಯದು ದೊಡ್ಡದಾಗಿ ಕಿರಿಯದರ ಪಾಲನ್ನೂ ಕಬಳಿಸುತ್ತಿತ್ತು.

ಕಾವಿನ ಕಾಲ ಸುಮಾರು ಮೂವತ್ತಮೂರು ದಿನ. ರಾತ್ರಿ ಹೆಣ್ಣು ಕೂರುತ್ತದೆ. ಹಗಲಲ್ಲಿ ಗಂಡು ಬೇಟೆ ತಂದಾಗ ಹೆಣ್ಣು ತಿನ್ನಲು ಎದ್ದು ಹೋಗುತ್ತದೆ, ಆಗ ಗಂಡು ಕೂರುತ್ತದೆ. ಅದರ ಮೈ ಚಿಕ್ಕದು, ನಾಲ್ಕು ಮೊಟ್ಟೆ ಮುಚ್ಚುವುದಕ್ಕೆ ಪಡುವ ಪಾಡು ನೋಡಿದರೆ ನಗು ಬರುತ್ತದೆ. ಈ ಅದಲುಬದಲಿನ ಹೊತ್ತಿನಲ್ಲಿ ಕಾಲುಗಳನ್ನು ಗಮನಿಸಿ. ಮಿಕವನ್ನು ಸೀಳುವ ಆ ಉಗುರುಗಳನ್ನು ಒಳಕ್ಕೆ ಮಡಚಿ, ಮುಷ್ಟಿ ಕಟ್ಟಿದ ಪಾದದಲ್ಲಿ ಮೊಟ್ಟೆಗಳ ನಡುವೆ ನಡೆಯುತ್ತವೆ. ಆಗಾಗ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತವೆ.

ಹಕ್ಕಿ ಮೊಟ್ಟೆಯ ಮೇಲೆ ಕೂರುವ ಈ ಸಾಮಾನ್ಯ ದೃಶ್ಯವೇ ಒಂದು ಕಾಲದಲ್ಲಿ ಇವುಗಳ ಪಾಲಿಗೆ ಮುಳುವಾಗಿತ್ತು. ಎರಡನೇ ಮಹಾಯುದ್ಧದ ನಂತರ ಹೊಲಗಳಿಗೆ ಡಿಡಿಟಿ ಸುರಿದರು. ಅದು ಕೀಟದಿಂದ ಚಿಕ್ಕ ಹಕ್ಕಿಗೆ, ಚಿಕ್ಕ ಹಕ್ಕಿಯಿಂದ ಪೆರೆಗ್ರಿನ್‌ಗೆ ದಾಟುತ್ತ ಸಾಂದ್ರವಾಯಿತು. ಮೈಯಲ್ಲಿ ಉಳಿದ ಅದರ ಅಂಶ ಮೊಟ್ಟೆಯ ಚಿಪ್ಪಿಗೆ ಸುಣ್ಣ ಕೂಡುವುದನ್ನು ತಡೆಯಿತು. ಚಿಪ್ಪು ತೆಳುವಾಗಿ, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯತೊಡಗಿತು. ಬ್ರಿಟನ್‌ನ ವಿಜ್ಞಾನಿ ಡೆರೆಕ್ ರ‍್ಯಾಟ್‌ಕ್ಲಿಫ್ ಸಂಗ್ರಹದಲ್ಲಿದ್ದ ಹಳೆಯ ಮೊಟ್ಟೆಗಳನ್ನೂ ಹೊಸವನ್ನೂ ಹೋಲಿಸಿ, ಚಿಪ್ಪು ತೆಳುವಾಗಿದ್ದನ್ನು 1967ರಲ್ಲಿ ಪ್ರಕಟಿಸಿದರು. 1960ರ ದಶಕದ ಮಧ್ಯದ ಹೊತ್ತಿಗೆ ಅಮೆರಿಕದಲ್ಲಿ ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಗೂಡು ಮಾಡುವ ಪೆರೆಗ್ರಿನ್ ಒಂದೂ ಉಳಿದಿರಲಿಲ್ಲ. 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗೊತ್ತಿದ್ದದ್ದು ಎರಡೇ ಜೋಡಿ. 1972ರಲ್ಲಿ ಅಮೆರಿಕ ಡಿಡಿಟಿ ನಿಷೇಧಿಸಿತು. ಟಾಮ್ ಕೇಡ್ ಮತ್ತು ಸಂಗಡಿಗರು 1970ರಲ್ಲಿ ಕಟ್ಟಿದ ಪೆರೆಗ್ರಿನ್ ಫಂಡ್‌ನಂಥ ಸಂಸ್ಥೆಗಳು ಸೆರೆಯಲ್ಲಿ ಮರಿ ಮಾಡಿಸಿ ಸಾವಿರಗಟ್ಟಲೆ ಹಕ್ಕಿಗಳನ್ನು ಹೊರಗೆ ಬಿಟ್ಟವು. 1999ರಲ್ಲಿ ಪೆರೆಗ್ರಿನ್ ಅಲ್ಲಿನ ಅಳಿವಿನಂಚಿನ ಪಟ್ಟಿಯಿಂದ ಹೊರಬಂತು. ಕಾವಿಗೆ ಕೂತ ಹಕ್ಕಿಯನ್ನು ನೋಡಿ ಬೇಸರ ಬಂದಾಗ ಇದನ್ನೊಮ್ಮೆ ನೆನೆಯಬಹುದು.

ಮರಿಗಳ ಊಟ

ಮರಿ ಚಿಪ್ಪಿಗೆ ಮೊದಲ ತೂತು ಮಾಡಿದ ಮೇಲೆ ಪೂರ್ತಿ ಹೊರಬರಲು ಎರಡು ಮೂರು ದಿನ ಹಿಡಿಯುತ್ತದೆ. ನಡುವೆ ಬಿಡುವು ತೆಗೆದುಕೊಳ್ಳುತ್ತದೆ, ತಾಯಿ ಸಹಾಯ ಮಾಡುವುದಿಲ್ಲ. ಹೊರಬಂದ ಮರಿ ಬಿಳಿ ತುಪ್ಪುಳದ ಮುದ್ದೆ. ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಇನ್ನೂ ಇರುವುದಿಲ್ಲ, ಆದ್ದರಿಂದ ಮೊದಲ ವಾರ ಹತ್ತು ದಿನ ತಾಯಿ ಹೆಚ್ಚು ಹೊತ್ತು ಮೇಲೆಯೇ ಕೂತಿರುತ್ತದೆ. ಎರಡನೆಯ, ದಟ್ಟವಾದ ತುಪ್ಪುಳ ಬಂದ ಮೇಲೆ ಮರಿಗಳನ್ನು ಬಿಟ್ಟು ಹತ್ತಿರದಲ್ಲೇ ಕಾವಲು ಕೂರುತ್ತದೆ. ಆಗ ಗೂಡಿನಲ್ಲಿ ಮರಿಗಳಷ್ಟೇ ಕಂಡರೆ ಅವು ಅನಾಥವಾದವು ಎಂದುಕೊಳ್ಳಬೇಡಿ. ಕ್ಯಾಮೆರಾ ತೋರಿಸುವುದು ತಟ್ಟೆಯನ್ನು ಮಾತ್ರ, ತಾಯಿ ನಾಲ್ಕು ಅಡಿ ಆಚೆಗಿನ ಕಟ್ಟೆಯ ಮೇಲಿರಬಹುದು.

ಊಟದ ಹೊತ್ತು ನಿಧಾನವಾಗಿ ನೋಡಬೇಕಾದದ್ದು. ಬೇಟೆಯ ಪುಕ್ಕವನ್ನು ಬೇರೆಡೆ ಕಿತ್ತು ತಂದಿರುತ್ತವೆ. ತಾಯಿ ಅದನ್ನು ಕಾಲಡಿ ಹಿಡಿದು, ಚೂರು ಚೂರೇ ಹರಿದು, ತಲೆ ಓರೆ ಮಾಡಿ ಮರಿಯ ಬಾಯಿಗಿಡುತ್ತದೆ. ಮುಂದೆ ಬಂದು ಜೋರಾಗಿ ಬಾಯಿ ತೆರೆದದ್ದಕ್ಕೆ ಮೊದಲ ತುತ್ತು. ಎರಡನೆಯ ಗಾಬರಿ ಹುಟ್ಟುವುದು ಇಲ್ಲೇ, ಹಿಂದೆ ಸಿಕ್ಕಿಕೊಂಡ ಚಿಕ್ಕದರ ಬಗ್ಗೆ. ಪರದೆ ಮುಚ್ಚಬೇಡಿ, ಇನ್ನೊಂದಿಷ್ಟು ಹೊತ್ತು ನೋಡಿ. ಮುಂದಿನ ಮರಿಯ ಕೊರಳ ಕೆಳಗೆ ಒಂದು ಉಬ್ಬು ಕಾಣಿಸಿಕೊಳ್ಳುತ್ತದೆ. ಅದು ಆಹಾರ ಕೂಡಿಟ್ಟುಕೊಳ್ಳುವ ಚೀಲ. ಅದು ತುಂಬಿದ ಮರಿ ತೂಕಡಿಸಿ ಬದಿಗೆ ವಾಲುತ್ತದೆ, ಹಿಂದಿನದು ಮುಂದೆ ಬರುತ್ತದೆ. ಬೇಟೆ ಸಾಕಷ್ಟಿದ್ದರೆ ಕೊನೆಯದಕ್ಕೂ ಹೊಟ್ಟೆ ತುಂಬುತ್ತದೆ. ಮರಿ ಉಪವಾಸವೇ ಎಂದು ತಿಳಿಯಲು ಬಾಯಿಗೆ ಬಿದ್ದ ತುತ್ತು ಎಣಿಸುವುದಕ್ಕಿಂತ, ಊಟ ಮುಗಿದ ಮೇಲೆ ಎಲ್ಲರ ಕೊರಳ ಉಬ್ಬು ನೋಡುವುದು ಮೇಲು.

ಮೂರು ವಾರದ ಹೊತ್ತಿಗೆ ಕಾಲುಗಳು ಹೆಚ್ಚುಕಡಿಮೆ ಪೂರ್ತಿ ಬೆಳೆದಿರುತ್ತವೆ. ಉಂಗುರ ತೊಡಿಸುವ ತಜ್ಞರು ಬರುವುದು ಈ ಸಮಯದಲ್ಲೇ. ಇನ್ನೂ ತಡಮಾಡಿದರೆ ಮರಿಗಳು ಹೆದರಿ ಅಂಚಿನಿಂದ ಹಾರಿಬಿಡುವ ಅಪಾಯವಿದೆ. ಆಮೇಲೆ ತುಪ್ಪುಳದ ನಡುವಿನಿಂದ ಕಂದು ಗರಿ ಇಣುಕುತ್ತದೆ, ತುತ್ತಿಗೆ ಕಾಯುತ್ತಿದ್ದ ಮರಿಗಳು ಬೇಟೆಯನ್ನೇ ಕಸಿದು, ರೆಕ್ಕೆ ಹರಡಿ ಮುಚ್ಚಿಕೊಂಡು ತಿನ್ನತೊಡಗುತ್ತವೆ.

ಅಂಚಿನ ವಾರ

ಮೂವತ್ತೆಂಟು ದಿನದಿಂದ ನಲವತ್ತೈದು ದಿನದೊಳಗೆ ಮೊದಲ ಹಾರಾಟ. ಹಗುರವಾದ ಗಂಡು ಮರಿಗಳು ಸಾಮಾನ್ಯವಾಗಿ ಮೊದಲು, ಹೆಣ್ಣು ಮರಿಗಳು ಕೆಲವು ದಿನ ಬಿಟ್ಟು. ಅದಕ್ಕೆ ಮುಂಚಿನ ವಾರ ಮರಿಗಳು ಅಂಚಿನಲ್ಲಿ ನಿಂತು ರೆಕ್ಕೆ ಬಡಿಯುತ್ತವೆ. ಮೂರನೆಯ ಗಾಬರಿಯ ಸಮಯ ಇದು. ಆ ಬಡಿತ ಹಾರಲು ಬೇಕಾದ ಸ್ನಾಯುಗಳ ಕಸರತ್ತು, ಅದಿಲ್ಲದೆ ಹಾರಾಟವೇ ಇಲ್ಲ.

ನಿಜವಾದ ಅಪಾಯ ಶುರುವಾಗುವುದು ಹಾರಿದ ಮೇಲೆ. ಬರ್ಕ್ಲಿಯಲ್ಲಿ 2017ರಲ್ಲಿ ಹುಟ್ಟಿದ ಎರಡು ಮರಿಗಳಲ್ಲಿ ಲಕ್ಸ್ ಎಂಬುದು ಹಾರಲು ಕಲಿತ ಹೊಸತರಲ್ಲೇ ಕಟ್ಟಡವೊಂದಕ್ಕೆ ಬಡಿದು ಸತ್ತಿತು. ಪೆರೆಗ್ರಿನ್ ಮರಿಗಳಲ್ಲಿ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಮೊದಲ ವರ್ಷ ದಾಟುವುದಿಲ್ಲ. ದಾಟಿದವು ದೂರ ಹೋಗಿ ಬದುಕು ಕಟ್ಟುತ್ತವೆ. ಅದೇ ಗೋಪುರದಲ್ಲಿ 2018ರಲ್ಲಿ ಹುಟ್ಟಿದ ಲಾರೆನ್ಸಿಯಂ ಮುಂದೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಲ್ಕಟ್ರಾಜ್ ದ್ವೀಪದಲ್ಲಿ ಗೂಡು ಮಾಡಿತು.

ಮರಿಗಳು ಹಾರಿದ ದಿನ ಕ್ಯಾಮೆರಾ ಖಾಲಿಯಾಗುತ್ತದೆ. ಹೆಚ್ಚಿನವರು ಅಲ್ಲಿಗೇ ನಿಲ್ಲಿಸುತ್ತಾರೆ. ಸಾಧ್ಯವಿದ್ದವರು ಬೈನಾಕ್ಯುಲರ್ ಹಿಡಿದು ಗೋಪುರದಿಂದ ಸ್ವಲ್ಪ ದೂರ, ಆಕಾಶ ಚೆನ್ನಾಗಿ ಕಾಣುವಲ್ಲಿ ನಿಲ್ಲಬೇಕಾದದ್ದು ಆಗಲೇ. ಒಂದು ತಿಂಗಳಿಗೂ ಮೇಲ್ಪಟ್ಟು ಮರಿಗಳು ತಂದೆತಾಯಿಯ ಊಟದಲ್ಲೇ ಇರುತ್ತವೆ. ಮರಿ ಕೂಗುತ್ತ ಬೆನ್ನಟ್ಟುತ್ತದೆ, ತಂದೆಯೋ ತಾಯಿಯೋ ಹಾರುತ್ತಲೇ ಬೇಟೆಯನ್ನು ಕೈಬಿಡುತ್ತದೆ, ಮರಿ ಗಾಳಿಯಲ್ಲೇ ಅದನ್ನು ಹಿಡಿಯಬೇಕು. ಮೊದಮೊದಲು ತಪ್ಪುತ್ತದೆ, ಬರಬರುತ್ತ ಪಳಗುತ್ತದೆ.

ಜೋಡಿ ಮುರಿದಾಗ

ಹೆಸರಿಟ್ಟ ಹಕ್ಕಿಯ ಮೇಲೆ ಅಕ್ಕರೆ ಬೆಳೆಯುವುದು ಸಹಜ. ಆದರೆ ನಮ್ಮ ಕಥೆಯನ್ನು ಹಕ್ಕಿಯ ಮೇಲೆ ಹೊರಿಸಿದರೆ ಕಣ್ಣೆದುರಿನದು ತಪ್ಪಿಹೋಗುತ್ತದೆ. 2022ರ ಮಾರ್ಚ್ 31ರಂದು ಗ್ರಿನೆಲ್ ಬರ್ಕ್ಲಿ ಪೇಟೆಯಲ್ಲಿ ಸತ್ತುಬಿದ್ದಿತ್ತು. ಗೋಪುರದಲ್ಲಿ ಮೊಟ್ಟೆಗಳಿದ್ದವು. ಕಾವು ಕೊಡುವುದು, ಬೇಟೆಯಾಡುವುದು ಎರಡೂ ಒಂದೇ ಹಕ್ಕಿಗೆ ಆಗದ ಮಾತು, ಈ ಸಂಸಾರ ಮುಗಿಯಿತೆಂದು ನೋಡುವವರು ಅಂದುಕೊಂಡರು. ಬಹುಬೇಗ ಇನ್ನೊಂದು ಗಂಡು ಬಂತು. ಆನಿಗೆ ಬೇಟೆ ತಂದುಕೊಟ್ಟಿತು, ತನ್ನದಲ್ಲದ ಮೊಟ್ಟೆಗಳ ಮೇಲೂ ಕೂತಿತು. ಅದಕ್ಕೆ ಆಲ್ಡನ್ ಎಂದು ಹೆಸರಾಯಿತು. ಆ ವರ್ಷ ಎರಡು ಮರಿಗಳಾದವು. ಇದನ್ನು ದ್ರೋಹ ಅನ್ನುವುದಕ್ಕೂ ತ್ಯಾಗ ಅನ್ನುವುದಕ್ಕೂ ಆಧಾರವಿಲ್ಲ. ಒಳ್ಳೆಯ ಗೂಡಿನ ಜಾಗ ವಿರಳ, ಅದಕ್ಕಾಗಿ ಒಂಟಿ ಹಕ್ಕಿಗಳು ಸುತ್ತಮುತ್ತ ಕಾದಿರುತ್ತವೆ. 2025ರ ಆರಂಭದಲ್ಲಿ ಆನಿಯೂ ಕಾಣೆಯಾಯಿತು.

ನಮ್ಮ ನೆಲದಲ್ಲಿ

ಪೆರೆಗ್ರಿನ್ ನಮಗೆ ಹೊರಗಿನದಲ್ಲ. ಚಳಿಗಾಲದಲ್ಲಿ ಏಷ್ಯಾದ ಉತ್ತರ ತುದಿಯಿಂದ ಬರುವ ಪೆರೆಗ್ರಿನ್‌ಗಳು ಭಾರತದ ಕೆರೆ, ಕಡಲತೀರ, ಊರಿನ ಎತ್ತರದ ಗೋಪುರಗಳ ಬಳಿ ಕಾಣಸಿಗುತ್ತವೆ. ಇಲ್ಲೇ ನೆಲೆಸಿ ಮರಿಮಾಡುವುದು ಶಾಹೀನ್ ಎಂಬ ಉಪಜಾತಿ. ಗಾತ್ರದಲ್ಲಿ ತುಸು ಚಿಕ್ಕದು, ತಲೆ ಕಡುಗಪ್ಪು, ಹೊಟ್ಟೆ ಕೆಂಗಂದು. ದಕ್ಷಿಣದ ಬಂಡೆಗಲ್ಲಿನ ಬೆಟ್ಟಗಳೇ ಅದರ ಗೋಪುರ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಪೆರೆಗ್ರಿನ್ ಇದೆ, ಅಂದರೆ ಅತಿ ಹೆಚ್ಚಿನ ರಕ್ಷಣೆ. ಬಂಡೆಯ ಸಂದಿನಲ್ಲಿ ಗೂಡು ಕಂಡರೆ ಹತ್ತಿರ ಹೋಗಬೇಡಿ, ಜಾಗದ ಗುರುತನ್ನು ಫೋಟೊ ಜತೆ ಹಂಚಬೇಡಿ. ಹಕ್ಕಿ ನಿಮ್ಮತ್ತ ತಿರುಗಿ ಕ್ಯಾಕ್ ಕ್ಯಾಕ್ ಎಂದು ಕೂಗತೊಡಗಿದರೆ ನೀವು ಆಗಲೇ ತೀರ ಹತ್ತಿರ ಬಂದಿದ್ದೀರಿ ಎಂದು ಅರ್ಥ, ಹಿಂದಕ್ಕೆ ಸರಿಯಿರಿ.

ಮೊದಲ ವರ್ಷಕ್ಕೆ ಒಂದೇ ಅಭ್ಯಾಸ ಸಾಕು. ಒಂದು ನೋಟ್‌ಬುಕ್ ಇಡಿ. ಹೊತ್ತು, ಬಂದ ಹಕ್ಕಿ ಗಂಡೋ ಹೆಣ್ಣೋ, ತಂದದ್ದೇನು, ತಿನ್ನಿಸಿದ್ದು ಯಾರು: ಈ ನಾಲ್ಕನ್ನು ಮಾತ್ರ ಬರೆಯಿರಿ. ಗೊತ್ತಾಗದಿದ್ದರೆ ‘ಗೊತ್ತಾಗಲಿಲ್ಲ’ ಎಂದೇ ಬರೆಯಿರಿ, ಊಹಿಸಿ ತುಂಬಬೇಡಿ. ಮರಿಗಳು ಚಿಕ್ಕವಿದ್ದಾಗ ಬೇಟೆ ತರುವುದು ಬಹುಪಾಲು ಗಂಡು. ಅವು ಬೆಳೆದ ಹಾಗೆ ಹೆಣ್ಣೂ ಬೇಟೆಗೆ ಇಳಿಯುತ್ತದೆ. ಆ ಬದಲಾವಣೆ ನಿಮ್ಮ ಗೂಡಿನಲ್ಲಿ ಯಾವ ವಾರ ಬಂತು ಎಂಬುದನ್ನು ನಿಮ್ಮ ಪುಟಗಳಿಂದಲೇ ಹುಡುಕಿ ತೆಗೆಯಿರಿ. ಎರಡನೇ ವರ್ಷಕ್ಕೆ ಬೇಕಾದ ಪ್ರಶ್ನೆಗಳು ಆ ಪುಟಗಳಲ್ಲೇ ಸಿಗುತ್ತವೆ.