ಎಂಜಿನ್ ಲೈಟು ಉರಿದಾಗ ಹೆಸರು ಉಳಿಸಿಕೊಳ್ಳಲು ಹತ್ತು ಸೂತ್ರ

ವಾಮದಪದವು, ಸಿದ್ದಕಟ್ಟೆ, ಪುಂಜಾಲಕಟ್ಟೆ, ವೇಣೂರು ಕಡೆ ಸ್ವಂತ ಗ್ಯಾರೇಜು ಇಡಬೇಕೆಂದಿರುವ ಹುಡುಗರೇ, ಬ್ರೇಕ್, ಕ್ಲಚ್ ಕೆಲಸ ಕೈಗೆ ಬಂದಿರುತ್ತದೆ. ನಿಮ್ಮ ಹೆಸರು ನಿಲ್ಲುವುದು, ಕೆಡುವುದು ಈಗ ಬೇರೆ ಕಡೆ. "ಎಂಜಿನ್ ಲೈಟು ಉರೀತಾ ಉಂಟು ಮಾರಾಯ್ರೆ, ಎಂತ ಆಗಿದೆ ನೋಡಿ" ಎಂದು ಬರುವ ಗಿರಾಕಿಗೆ ನೀವು ಏನು ಹೇಳುತ್ತೀರಿ ಎಂಬಲ್ಲಿ.

1. ಕೋಡ್ ಓದಿದ ಕೂಡಲೇ ಪಾರ್ಟ್ ತರಿಸಬೇಡಿ.
ನಮ್ಮ ದೇಶದ ಬಿಎಸ್ 4 ಕಾರುಗಳಿಗೆ 2010ರ ಏಪ್ರಿಲ್‌ನಿಂದ ಕೋಡ್ ಬರೆದಿಡುವ ಒಬಿಡಿ ವ್ಯವಸ್ಥೆ ಬಂತು. 2013ರ ಏಪ್ರಿಲ್‌ನಿಂದ ಅದರ ಎರಡನೆಯ ಹಂತ ಕಡ್ಡಾಯವಾಯಿತು. ಡ್ಯಾಶ್‌ಬೋರ್ಡಿನ ಕೆಳಗಿನ 16 ಪಿನ್ನಿನ ಸಾಕೆಟ್ ಅದರದ್ದೇ. ಅಲ್ಲಿ ಸ್ಕ್ಯಾನರ್ ಚುಚ್ಚಿದರೆ ಪಿ0016 ಎಂದು ಬಂತೆನ್ನಿ. ಕ್ರ್ಯಾಂಕ್ ಸೆನ್ಸರ್ ಹೇಳುವುದಕ್ಕೂ ಕ್ಯಾಮ್ ಸೆನ್ಸರ್ ಹೇಳುವುದಕ್ಕೂ ತಾಳೆಯಾಗುತ್ತಿಲ್ಲ ಎಂದಷ್ಟೇ ಅದರ ಅರ್ಥ. ಚೈನು ಸಡಿಲವಾಗಿರಬಹುದು, ಆಯಿಲ್ ಕಡಿಮೆ ಇರಬಹುದು, ವಯರು ತುಂಡಾಗುವ ಹಂತದಲ್ಲಿರಬಹುದು, ಹಿಂದೆ ಬೆಲ್ಟ್ ಹಾಕಿದವರು ಒಂದು ಹಲ್ಲು ತಪ್ಪಿಸಿರಬಹುದು. ಪಿ0340 ಬಂದರೆ ಕ್ಯಾಮ್ ಸೆನ್ಸರಿನ ಸರ್ಕ್ಯೂಟಿನಲ್ಲಿ ತೊಂದರೆ. ಸರ್ಕ್ಯೂಟ್ ಎಂದರೆ ವಯರೂ ಕನೆಕ್ಟರೂ ಸೇರಿತು. ಸೆನ್ಸರ್ ಬದಲಿಸಿ ಲೈಟು ಮತ್ತೆ ಉರಿದರೆ ಆ ದುಡ್ಡು ನಿಮ್ಮ ಹೆಸರಿಗೆ ಸಾಲ.

2. ಅಳಿಸುವ ಮೊದಲು ಫೋಟೋ ತೆಗೆಯಿರಿ.
ಕೋಡ್ ಬಿದ್ದ ಗಳಿಗೆಯಲ್ಲಿ ಎಂಜಿನ್ನಿನ ವೇಗ, ಬಿಸಿ, ಲೋಡ್ ಎಷ್ಟಿತ್ತು ಎಂಬುದನ್ನು ಕಾರೇ ಬರೆದಿಟ್ಟಿರುತ್ತದೆ. ಸ್ಕ್ಯಾನರಿನಲ್ಲಿ ಅದಕ್ಕೆ ಫ್ರೀಜ್ ಫ್ರೇಮ್ ಎನ್ನುತ್ತಾರೆ. ಬೆಳಗ್ಗೆ ತಣ್ಣಗಿನ ಸ್ಟಾರ್ಟಿನಲ್ಲಿ ಬಿದ್ದದ್ದೋ, ಚಾರ್ಮಾಡಿ ಘಾಟಿ ಹತ್ತುವಾಗ ಬಿದ್ದದ್ದೋ ಎಂದು ತಿಳಿಯಲು ಬೇರೆ ದಾರಿಯಿಲ್ಲ. ಕೋಡ್ ಅಳಿಸಿದರೆ ಅದೂ ಹೋಯಿತು.

3. ಬಣ್ಣ ನೋಡಿ, ಮಿನುಗು ನೋಡಿ.
ಹಳದಿ ಎಂಜಿನ್ ಲೈಟು ಸುಮ್ಮನೆ ಉರಿಯುತ್ತಿದ್ದು ಗಾಡಿ ಸರಿಯಾಗಿ ಎಳೆಯುತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಬರಬಹುದು. ಪೆಟ್ರೋಲ್ ಕಾರಿನಲ್ಲಿ ಅದು ಮಿನುಗತೊಡಗಿದರೆ ಮಿಸ್ಸಿಂಗ್ ಜೋರಾಗಿದೆ, ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತಿದೆ ಎಂದರ್ಥ. ಆಕ್ಸಲರೇಟರ್ ಬಿಡಲು ಹೇಳಿ. ಕೆಂಪು ಆಯಿಲ್ ಲೈಟು ಬಂದರೆ ಅಲ್ಲೇ ಬದಿಗೆ ಹಾಕಿ ಆಫ್. ಬಿ.ಸಿ.ರೋಡ್‌ವರೆಗೆ ಹೇಗಾದರೂ ಹೋಗಿಬಿಡೋಣ ಎಂಬ ಆಸೆ ಬೇಡ. ಗಿರಾಕಿಗೆ ಫೋನಿನಲ್ಲಿ ಹೀಗೆ ಸ್ಪಷ್ಟವಾಗಿ ಹೇಳಬಲ್ಲ ಮೆಕ್ಯಾನಿಕ್ಕನನ್ನು ಜನ ಮರೆಯುವುದಿಲ್ಲ.

4. ಸ್ಕ್ಯಾನರಿಗಿಂತ ಮೊದಲು ಡಿಪ್‌ಸ್ಟಿಕ್.
ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚೈನ್ ಇರುವ ಎಂಜಿನ್ನಿಗೆ ಆಯುಷ್ಯಪೂರ್ತಿ ಏನೂ ಮಾಡಬೇಕಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಆದರೆ ಹೆಚ್ಚಿನ ಎಂಜಿನ್‌ಗಳಲ್ಲಿ ಚೈನನ್ನು ಬಿಗಿಯಾಗಿ ಹಿಡಿದಿರುವ ಟೆನ್ಷನರ್ ಕೆಲಸ ಮಾಡುವುದೇ ಆಯಿಲ್ ಪ್ರೆಷರಿನಿಂದ. ಆಯಿಲ್ ಇಳಿದರೆ ಅಥವಾ ಕೆಸರಿನಂತಾದರೆ ಟೆನ್ಷನರ್ ಸೋಲುತ್ತದೆ, ಚೈನು ಹಲ್ಲು ಹಾರುತ್ತದೆ. ಫಿಯೆಟ್ಟಿನ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ 2007ರಲ್ಲಿ ಸ್ವಿಫ್ಟ್‌ಗೆ ಬಂತು. ಆಮೇಲೆ ಡಿಜೈರ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೋಗಳಲ್ಲೂ ಓಡಿತು. 2020ರ ಏಪ್ರಿಲ್‌ನಲ್ಲಿ ಮಾರುತಿ ಡೀಸೆಲ್ಲನ್ನೇ ಬಿಟ್ಟಿತು. ಹಾಗಾಗಿ ಈಗ ನಿಮ್ಮಲ್ಲಿಗೆ ಬರುವ ಸ್ವಿಫ್ಟ್ ಡೀಸೆಲ್ ಎಲ್ಲವೂ ವಯಸ್ಸಾದವೇ. ಅವುಗಳಲ್ಲಿರುವುದು ಚೈನು. ತಣ್ಣಗಿನ ಸ್ಟಾರ್ಟಿನಲ್ಲಿ ಎರಡು ಮೂರು ಸೆಕೆಂಡು ಗಡಗಡ ಸದ್ದು ಮಾಡಿ ಸುಮ್ಮನಾಗುವ ಎಂಜಿನ್ ಬಂದರೆ ಟೆನ್ಷನರ್ ಕಡೆ ಗಮನವಿರಲಿ.

ಮನೆಯಿಂದ ಶಾಲೆಗೆ, ಶಾಲೆಯಿಂದ ಪೇಟೆಗೆ ಮಾತ್ರ ಓಡುವ ಕಾರಿನ ಆಯಿಲ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಕಿಲೋಮೀಟರ್ ಆಗಲಿಲ್ಲವೆಂದು ಅಂಥವರು ಆಯಿಲ್ ಬದಲಿಸುವುದೂ ಇಲ್ಲ. ವರ್ಷಕ್ಕೊಮ್ಮೆಯಾದರೂ ಬದಲಿಸಿ ಎಂದು ಪಟ್ಟು ಹಿಡಿಯಿರಿ. ವಿವಿಟಿ ಇರುವ ಪೆಟ್ರೋಲ್ ಎಂಜಿನ್ನಿನಲ್ಲಿ ಕ್ಯಾಮ್ ಹಿಂದೆ ಮುಂದೆ ಸರಿಯುವುದೂ ಆಯಿಲ್ ಬಲದಿಂದಲೇ. ಕ್ಯಾಮ್ ಟೈಮಿಂಗಿನ ಕೋಡ್ ಪಿ0011 ಬಂದಾಗ ಆಯಿಲ್ ಮತ್ತು ಆಯಿಲ್ ಕಂಟ್ರೋಲ್ ವಾಲ್ವ್ ನೋಡದೆ ಟೈಮಿಂಗ್ ಕವರಿಗೆ ಕೈ ಹಾಕಬೇಡಿ.

5. ಮಳೆಗಾಲದಲ್ಲಿ ಮೊದಲ ಆರೋಪಿ ಇಲಿ.
ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಡಿಕೆ ತೋಟದ ಪಕ್ಕದ ಶೆಡ್ಡಿನಲ್ಲಿ ನಿಂತ ಕಾರಿನ ಬಾನೆಟ್ಟು ಇಲಿಗೆ ಬೆಚ್ಚಗಿನ ಮನೆ. ಇಂಜೆಕ್ಟರ್, ಕ್ಯಾಮ್ ಸೆನ್ಸರುಗಳ ವಯರು ಕಚ್ಚಿದರೆ ಬರುವ ಕೋಡ್ ಟೈಮಿಂಗ್ ಕೆಟ್ಟ ಹಾಗೆಯೇ ಕಾಣುತ್ತದೆ. ಟಾರ್ಚ್ ಹಿಡಿದು ಹಾರ್ನೆಸ್ಸನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿ. ವಾಟರ್ ಸರ್ವಿಸಿನಲ್ಲಿ ಎಂಜಿನ್ನಿಗೆ ಜೋರಾಗಿ ನೀರು ಹೊಡೆಸಿದ ಮಾರನೇ ದಿನ ಬರುವ ಲೈಟಿಗೂ ಇದೇ ಮದ್ದು: ಕನೆಕ್ಟರ್ ಬಿಚ್ಚಿ, ಒಣಗಿಸಿ, ಹಸಿರು ಕಿಲುಬು ಇದೆಯೇ ನೋಡಿ.

6. ಬೆಲ್ಟಿಗೆ ವರ್ಷವೂ ಲೆಕ್ಕ.
ಓಮ್ನಿ, ಹಳೆಯ ಸ್ಯಾಂಟ್ರೊ, ಡಸ್ಟರ್ ಡೀಸೆಲ್, 2016ರ ಕ್ರಿಸ್ಟಾಕ್ಕಿಂತ ಮೊದಲಿನ 2.5 ಲೀಟರ್ ಇನ್ನೋವಾ, ಇವೆಲ್ಲ ರಬ್ಬರ್ ಬೆಲ್ಟಿನವು. ಯಜಮಾನರು ಗಲ್ಫಿನಲ್ಲಿ, ಕಾರು ಊರಿನ ಶೆಡ್ಡಿನಲ್ಲಿ. ರಜೆಗೆ ಬಂದಾಗ ಒಂದು ತಿಂಗಳ ಓಟ. ಮೀಟರ್ 30,000 ದಾಟಿರುವುದಿಲ್ಲ, ಬೆಲ್ಟಿಗೆ ಹತ್ತು ವರ್ಷ ದಾಟಿರುತ್ತದೆ. ರಬ್ಬರು ನಿಂತಲ್ಲೇ ಹಳತಾಗುತ್ತದೆ ಎಂದು ಅವರಿಗೆ ತಿಳಿಸುವುದು ನಿಮ್ಮ ಕೆಲಸ. ಅಂಥ ಕಾರಿನಲ್ಲಿ ಬ್ಯಾಟರಿ ಇಳಿದು ಸಂಬಂಧವಿಲ್ಲದ ನಾಲ್ಕಾರು ಕೋಡ್ ಒಟ್ಟಿಗೆ ಬೀಳುವುದೂ ಉಂಟು. ಬ್ಯಾಟರಿ ಚಾರ್ಜ್ ಮಾಡಿ ಆಮೇಲೆ ಉಳಿದ ಮಾತು. ಬೆಲ್ಟ್ ಬದಲಿಸುವಾಗ ಟೆನ್ಷನರ್, ಐಡ್ಲರ್ ಸೇರಿಸಿ ಕಿಟ್ ಹಾಕಿ. ವಾಟರ್ ಪಂಪನ್ನೂ ಅದೇ ಬೆಲ್ಟ್ ತಿರುಗಿಸುತ್ತಿದ್ದರೆ ಅದನ್ನೂ ಬದಲಿಸಿ. ಹಳೆಯ ಬೇರಿಂಗ್ ಹಿಡಿದುಕೊಂಡರೆ ಹೊಸ ಬೆಲ್ಟು ಉಳಿಯುವುದಿಲ್ಲ.

ಧರ್ಮಸ್ಥಳಕ್ಕೆ ಬಾಡಿಗೆ ಓಡುವ ಹಳೆಯ ಇನ್ನೋವಾದಲ್ಲಿ ಟೈಮಿಂಗ್ ಬೆಲ್ಟಿಗೆಂದೇ ಬೇರೆ ಲೈಟು ಇದೆ. ಡ್ರೈವರ್ ಅದನ್ನೂ "ಎಂಜಿನ್ ಲೈಟು" ಎಂದೇ ಹೇಳುತ್ತಾನೆ. ಕಣ್ಣಾರೆ ನೋಡಿ.

7. ಇಳಿಜಾರಿನಲ್ಲಿ ದೂಡಿಸಬೇಡಿ.
ಓಡುತ್ತಿದ್ದ ಗಾಡಿ ತಟ್ಟನೆ ಆಫ್ ಆಗಿದೆ, ಕೀ ತಿರುಗಿಸಿದರೆ ಎಂಜಿನ್ ಎಂದಿಗಿಂತ ಹಗುರವಾಗಿ, ಒಂದೇ ಸಮ ತಿರುಗುತ್ತದೆ, ಹಿಡಿಯುವುದಿಲ್ಲ. ಬೆಲ್ಟ್ ಹೋಗಿರುವ ಸೂಚನೆ ಇದು. ನಮ್ಮ ಊರಿನ ರಸ್ತೆಗಳಲ್ಲಿ ಇಳಿಜಾರಿಗೆ ಬರವಿಲ್ಲ, ದೂಡುವ ಕೈಗಳಿಗೂ ಇಲ್ಲ. ದೂಡಿದರೆ ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ತೆರೆದು ನಿಂತ ವಾಲ್ವಿಗೆ ಹೊಡೆಯುತ್ತದೆ. ಉಳಿದಿದ್ದ ವಾಲ್ವೂ ಬೆಂಡ್. ಟೋ ಮಾಡಿಸಿ.

8. ಕೈಯಿಂದ ಎರಡು ಸುತ್ತು.
ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದು ಸುತ್ತು. ಕ್ಯಾಮ್ ಚಕ್ರಕ್ಕೆ 40 ಹಲ್ಲಿದ್ದರೆ ಒಂದು ಹಲ್ಲು ತಪ್ಪಿದಾಗ ಕ್ಯಾಮ್ 9 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 18 ಡಿಗ್ರಿ ಆಚೀಚೆ. ಎಂಜಿನ್ ಸ್ಟಾರ್ಟ್ ಆಗಲೂಬಹುದು, ಆದರೆ ಪಿಕಪ್ ಇರುವುದಿಲ್ಲ. ಲಾಕಿಂಗ್ ಪಿನ್ ಬೇಕಾದ ಎಂಜಿನ್ನಿಗೆ ಪಿನ್ ಹಾಕಿಯೇ ಕೂರಿಸಿ. ವೈಟ್ನರ್ ಗುರುತು ನಂಬಿ ಕೆಲಸ ಮಾಡುವುದು ಜೂಜು. ಕೂರಿಸಿ, ಪಿನ್ ತೆಗೆದ ಮೇಲೆ ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ತಡೆದರೆ ನಿಲ್ಲಿಸಿ. ಗುರುತುಗಳು ಮತ್ತೆ ಸೇರಿದರೆ ಮಾತ್ರ ಕೀ ತಿರುಗಿಸಿ.

9. ಸೆಕೆಂಡ್‌ಹ್ಯಾಂಡ್ ಕಾರು ತೋರಿಸಲು ಬಂದವರನ್ನು ಗಿರಾಕಿ ಮಾಡಿಕೊಳ್ಳಿ.
ಕೀ ಆನ್ ಮಾಡಿದಾಗ ಎಂಜಿನ್ ಲೈಟು ಒಮ್ಮೆ ಉರಿಯಲೇಬೇಕು. ಉರಿಯದಿದ್ದರೆ ಯಾರೋ ಬಲ್ಬಿಗೆ ಕೈ ಹಾಕಿರಬಹುದು. ಕೋಡ್ ಏನೂ ಇಲ್ಲ ಎಂದು ಬಂದರೂ ರೆಡಿನೆಸ್ ನೋಡಿ: ಅಳಿಸಿ ಹೆಚ್ಚು ಹೊತ್ತಾಗದಿದ್ದರೆ ಪರೀಕ್ಷೆಗಳು ಅಪೂರ್ಣ ಎಂದು ತೋರಿಸುತ್ತದೆ. ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಎಂಬುದೂ ಹಲವು ಕಾರುಗಳಲ್ಲಿ ಸಿಗುತ್ತದೆ. ಮಾರುವವನ ಮನೆಯಿಂದ ನಿಮ್ಮ ಗ್ಯಾರೇಜಿಗೆ ಇರುವಷ್ಟೇ ದೂರ ಅಲ್ಲಿ ಕಂಡರೆ ಕೊಳ್ಳುವವರಿಗೆ ಕಣ್ಸನ್ನೆ ಮಾಡಿ.

10. ನೋಡಿದ್ದಕ್ಕೂ ಬಿಲ್ ಮಾಡಿ.
ಪಾರ್ಟ್ ಬದಲಿಸಿದರೆ ದುಡ್ಡು ಕೊಡುತ್ತಾರೆ, ಏನೂ ಬದಲಿಸಬೇಕಿಲ್ಲ ಎಂದು ಎರಡು ಗಂಟೆ ಹುಡುಕಿ ಹೇಳಿದರೆ "ಎಂತದೂ ಮಾಡ್ಲಿಲ್ಲ ಅಲ್ವಾ" ಎನ್ನುತ್ತಾರೆ. ಬೇಡದ ಸೆನ್ಸರುಗಳು ಕಾರಿಗೆ ಏರುವುದು ಈ ಅಭ್ಯಾಸದಿಂದಲೇ. ಪರೀಕ್ಷೆಯ ದರವನ್ನು ಬೋರ್ಡಿನಲ್ಲಿ ಬರೆದು ಹಾಕಿ, ಕೆಲಸ ಶುರುವಾಗುವ ಮೊದಲೇ ಬಾಯಲ್ಲೂ ಹೇಳಿ. ಬಿಲ್ಲಿನ ಜತೆ ಕೋಡಿನ ಫೋಟೋ, ಇಲಿ ಕಡಿದ ವಯರಿನ ತುಂಡು, ತೆಗೆದ ಹಳೆಯ ಬೆಲ್ಟು ಕೊಟ್ಟುಬಿಡಿ. ದರದ ಬಗ್ಗೆ ತಕರಾರು ಮಾಡಿದವರೂ ಆ ಬೆಲ್ಟನ್ನು ಚೀಲಕ್ಕೆ ಹಾಕಿಕೊಂಡೇ ಹೋಗುತ್ತಾರೆ, ಪಕ್ಕದ ಮನೆಯವರಿಗೆ ತೋರಿಸಲು.