ಒಣಗುವಷ್ಟು ಬಟ್ಟೆ ಸಾಕು

ಸಾಗರ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನು ಶಿಕ್ಷಕಿ. ಮನೆಯಲ್ಲಿ ಇಬ್ಬರು ಮಕ್ಕಳು, ಅತ್ತೆ, ನಾವಿಬ್ಬರು. ಬಟ್ಟೆ ಕಡಿಮೆ ಇಟ್ಟುಕೊಳ್ಳಿ ಎಂದು ಉಪದೇಶ ಮಾಡುವವರು ಸಾಮಾನ್ಯವಾಗಿ ಬೀರುವಿನ ಮುಂದೆ ನಿಂತು ಮಾಡುತ್ತಾರೆ. ನಾನು ಕಲಿತದ್ದೆಲ್ಲ ಬಚ್ಚಲಲ್ಲಿ ಮತ್ತು ಬಟ್ಟೆ ಹಗ್ಗದ ಕೆಳಗೆ. ಕೊಂಡ ಪ್ರತಿ ಬಟ್ಟೆಯನ್ನೂ ಒಬ್ಬರು ಒಗೆಯಬೇಕು, ಒಣಗಿಸಬೇಕು, ಮಡಚಬೇಕು. ಹೆಚ್ಚಿನ ಮನೆಗಳಲ್ಲಿ ಆ ಒಬ್ಬರು ಯಾರು ಎಂದು ಹೇಳಬೇಕಾಗಿಲ್ಲ. ನನ್ನ ಲೆಕ್ಕವೆಲ್ಲ ಅಲ್ಲಿಂದಲೇ ಶುರು.

1. ಎಷ್ಟು ಬಟ್ಟೆ ಬೇಕೆಂದು ಹಗ್ಗವನ್ನು ಕೇಳಿ

ಹತ್ತು ಜೊತೆ ಸಾಕು, ಹದಿನೈದು ಸಾಕು ಎಂದು ಊರಿಗೆಲ್ಲ ಒಂದೇ ಸಂಖ್ಯೆ ಹೇಳುವುದರಲ್ಲಿ ಅರ್ಥವಿಲ್ಲ. ಜುಲೈ ತಿಂಗಳಲ್ಲಿ ನಮ್ಮ ಜಗಲಿಯ ಹಗ್ಗದ ಮೇಲೆ ಹಾಕಿದ ಹತ್ತಿ ಸೀರೆ ಮೂರು ದಿನವಾದರೂ ತಣ್ಣಗೇ ಇರುತ್ತದೆ. ಕಲಬುರಗಿಯಲ್ಲಿರುವ ನನ್ನ ಗೆಳತಿ ಏಪ್ರಿಲ್‌ನಲ್ಲಿ ಬೆಳಗ್ಗೆ ಹಾಕಿದ್ದನ್ನು ಮಧ್ಯಾಹ್ನ ಊಟಕ್ಕೆ ಮೊದಲೇ ತೆಗೆಯುತ್ತಾಳೆ. ನಮ್ಮಿಬ್ಬರ ಬೀರುವೂ ಒಂದೇ ತರ ಹೇಗಿದ್ದೀತು?

ನಾನು ಮಾಡುವ ಲೆಕ್ಕ ಸರಳ. ಎಷ್ಟು ದಿನಕ್ಕೊಮ್ಮೆ ಒಗೆಯುತ್ತೀರಿ, ಒಣಗಲು ಎಷ್ಟು ದಿನ ಬೇಕು, ಎರಡನ್ನೂ ಕೂಡಿಸಿ ಮೇಲೊಂದು ಇಟ್ಟುಕೊಳ್ಳಿ. ದಿನ ಬಿಟ್ಟು ದಿನ ಒಗೆಯುವ ಮನೆಯಲ್ಲಿ ಒಣಗಲು ಮೂರು ದಿನ ಹಿಡಿದರೆ ಆರು ಜೊತೆ. ಬೇಸಿಗೆಯಲ್ಲಿ ನಾಲ್ಕಕ್ಕೂ ನಡೆಯುತ್ತದೆ. ಮಲೆನಾಡಿನವರು ಮಳೆಗಾಲಕ್ಕೆ ಲೆಕ್ಕ ಹಾಕಬೇಕು, ಉಳಿದ ತಿಂಗಳು ತಾನಾಗಿ ನಡೆಯುತ್ತದೆ. ಇದು ದಿನಬಳಕೆಯ ಮಾತು. ಮದುವೆ ಮುಂಜಿಯ ಮಾತು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

2. ಹತ್ತಿಯ ಮೇಲಿನ ಭಕ್ತಿಯನ್ನು ಆಷಾಢದಲ್ಲಿ ಪಕ್ಕಕ್ಕಿಡಿ

ಶುದ್ಧ ಹತ್ತಿಯೇ ಶ್ರೇಷ್ಠ ಎನ್ನುವವರು ನಮ್ಮ ಕಡೆ ಬಂದು ಒಂದು ಮಳೆಗಾಲ ಕಳೆಯಲಿ. ಹತ್ತಿ ನೀರು ಕುಡಿಯುತ್ತದೆ, ಬಿಡುವುದಕ್ಕೆ ಒಪ್ಪುವುದಿಲ್ಲ. ಬಚ್ಚಲೊಲೆಯ ಮೇಲಿನ ತಂತಿಗೆ ಹಾಕಿದರೆ ಒಣಗುತ್ತದೆ ನಿಜ, ಆದರೆ ಆಮೇಲೆ ತರಗತಿಯಲ್ಲಿ ಮುಂದಿನ ಬೆಂಚಿನವರಿಗೆ ದಿನವಿಡೀ ಹೊಗೆ ವಾಸನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಪಾಲಿಯೆಸ್ಟರ್ ಬೆರೆತ ಸೀರೆ, ಟಾಪ್‌ಗಳನ್ನೇ ಹಾಕುತ್ತೇನೆ. ಮಳೆ ನಿಂತ ಮೇಲೆ ಅವು ಮೇಲಿನ ಅರೆಗೆ, ಹತ್ತಿಯವು ಕೆಳಗಿನ ಅರೆಗೆ. ಸೆಕೆಗಾಲದಲ್ಲಿ ಪಾಲಿಯೆಸ್ಟರ್ ಉಟ್ಟರೆ ಬೆವರು ಹೀರದೆ ವಾಸನೆ ಹೊಡೆಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಒಲೆಯ ಮುಂದೆ ನಿಲ್ಲುವಾಗ ವರ್ಷವಿಡೀ ಹತ್ತಿಯೇ. ಸಿಂಥೆಟಿಕ್ ಬಟ್ಟೆಗೆ ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಅಡುಗೆಮನೆಯ ನೈಟಿ ಎಷ್ಟು ಹಳೆಯದಾದರೂ ಹತ್ತಿಯದಾಗಿರಲಿ, ವೇಲು ಗೂಟದ ಮೇಲಿರಲಿ.

3. ಮೊದಲು ಕಲೆಯನ್ನು ನೋಡಿ, ಆಮೇಲೆ ಬಣ್ಣ ಆರಿಸಿ

ಮಕ್ಕಳಿರುವ ಮನೆಯಲ್ಲಿ ಬಟ್ಟೆಗೆ ಕಲೆ ತಪ್ಪಿದ್ದಲ್ಲ. ಆದರೆ ಎಲ್ಲ ಕಲೆಯೂ ಒಂದೇ ಜಾತಿಯದಲ್ಲ. ಅರಿಶಿನದ ಕಲೆಗೆ ಸೋಪು ಹಾಕಿದರೆ ಕೆಂಪಾಗಿ ಹೆದರಿಸುತ್ತದೆ. ತೊಳೆದು ಬಿಸಿಲಿಗೆ ಹಾಕಿ, ಒಂದೆರಡು ದಿನದಲ್ಲಿ ಮಂಕಾಗಿ ಹೋಗುತ್ತದೆ. ಆಷಾಢದಲ್ಲಿ ಬಿಸಿಲೇ ಇಲ್ಲ, ಹಾಗಾಗಿ ಸಾರಿನ ಕಲೆ ಶ್ರಾವಣದವರೆಗೆ ಕಾಯಬೇಕು. ಬಾಳೆಕಾಯಿ ಸೊನೆ, ಗೇರಿನ ಸೊನೆ ಮಾತ್ರ ಬಿಡುವ ಪೈಕಿಯಲ್ಲ. ಅಡಿಕೆ ಬೇಯಿಸಿದ ಚೊಗರಂತೂ ಕೊಯ್ಲಿನ ಕಾಲದಲ್ಲಿ ಮನೆಯ ಪ್ರತಿ ಬಟ್ಟೆಗೂ ತನ್ನ ಗುರುತು ಹಾಕಿಯೇ ಹೋಗುತ್ತದೆ.

ಈ ಚೊಗರನ್ನೇ ಬಣ್ಣವಾಗಿ ಬಳಸುವವರು ನಮ್ಮ ಪಕ್ಕದಲ್ಲೇ ಇದ್ದಾರೆ. ರಂಗಕರ್ಮಿ ಪ್ರಸನ್ನ ಮುಂದೆ ನಿಂತು ಕಟ್ಟಿದ ಹೆಗ್ಗೋಡು ಬಳಿಯ ‘ಚರಕ’ ಮಹಿಳಾ ಸಹಕಾರ ಸಂಘದ ಹೆಣ್ಣುಮಕ್ಕಳು ಕೈಮಗ್ಗದ ಹತ್ತಿಗೆ ಚೊಗರು, ನೀಲಿ ಮುಂತಾದ ನೈಸರ್ಗಿಕ ಬಣ್ಣ ಹಾಕುತ್ತಾರೆ. ಚೊಗರಿನ ಕಂದುಗೆಂಪು ಕುರ್ತಾದ ಮೇಲೆ ಚೊಗರು ಸಿಡಿದರೆ ಯಾರಿಗೆ ಗೊತ್ತಾಗುತ್ತದೆ! ಅದು ಹೊಳೆದ ಮೇಲೆ ನನ್ನ ದಿನಬಳಕೆಯ ಬಣ್ಣ ಕಂದು, ಕಡುನೀಲಿ, ಪಾಚಿ ಹಸಿರು ಎಂದು ನಿಶ್ಚಯವಾಯಿತು. ಮೂರೂ ಒಂದಕ್ಕೊಂದು ಹೊಂದುತ್ತವೆ. ಬೆಳಗ್ಗೆ ಎಂಟು ಗಂಟೆಯ ಬಸ್ಸಿಗೆ ಓಡುವವಳು ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡರೂ ಜೊತೆ ತಪ್ಪುವುದಿಲ್ಲ. ತಿಳಿ ಹಳದಿ ನನಗೆ ತುಂಬ ಇಷ್ಟ. ಅದು ರಜೆಯ ದಿನಕ್ಕೆ ಒಂದಿದೆ.

4. ಖರ್ಚಿರುವುದು ಸೀರೆಯಲ್ಲಲ್ಲ, ರವಿಕೆಯಲ್ಲಿ

ಒಂದು ಸೀರೆ ತಂದರೆ ಅದರ ಬೆನ್ನಿಗೆ ಫಾಲ್, ಪಿಕೊ, ಲೈನಿಂಗ್, ಹೊಲಿಗೆ. ದಿನ ಉಡುವ ಅಗ್ಗದ ಸೀರೆಗಾದರೆ ಮೇಲುಖರ್ಚೇ ಸೀರೆಯ ಬೆಲೆಯ ಹತ್ತಿರ ಬಂದು ನಿಲ್ಲುತ್ತದೆ. ಅದರ ಮೇಲೆ ಟೈಲರ್ ಅಂಗಡಿಗೆ ಎರಡು ಮೂರು ಬಾರಿ ಓಡಾಟ. ಸೀರೆಗೊಂದು ರವಿಕೆ ಎಂಬ ನಿಯಮವನ್ನು ಬಿಟ್ಟುಬಿಡಿ. ಕಪ್ಪು, ಮರೂನ್, ಕಡುಹಸಿರು ಮೂರು ರವಿಕೆ ಇದ್ದರೆ ದಿನಬಳಕೆಯ ಸೀರೆಗಳೆಲ್ಲ ಮುಗಿದವು. ನಾಲ್ಕನೆಯದು ಗುಳೇದಗುಡ್ಡದ ಖಣದ್ದು. ಸಾದಾ ಹತ್ತಿ ಸೀರೆಯ ಮೇಲೆ ಖಣದ ರವಿಕೆ ಹಾಕಿದರೆ ಬೇರೆ ಅಲಂಕಾರ ಬೇಡ, ಸತ್ಕಾರ ಸಮಾರಂಭಕ್ಕೂ ಹಾಗೇ ಹೋಗಬಹುದು.

ಹೊಲಿಸುವ ಮೊದಲು ಲೈನಿಂಗ್ ಬಟ್ಟೆಯನ್ನೂ ಫಾಲನ್ನೂ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅವು ಕುಗ್ಗಿ, ರವಿಕೆ ಕಂಕುಳಲ್ಲಿ ಹಿಡಿಯುತ್ತದೆ, ಸೀರೆಯ ಅಂಚು ಸುಕ್ಕುಗಟ್ಟುತ್ತದೆ. ಹೊಸ ತಾಯಂದಿರಿಗೆ ಇನ್ನೊಂದು ಮಾತು: ಹೆರಿಗೆಯಾದ ವರ್ಷ ಅಳತೆ ನಿಲ್ಲುವುದಿಲ್ಲ. ಎರಡೂ ಬದಿ ಒಳಗೆ ಧಾರಾಳವಾಗಿ ಮಾರ್ಜಿನ್ ಬಿಡಿಸಿ, ಹುಕ್ಕು ಮುಂದೆಯೇ ಇರಲಿ. ಬೆನ್ನಿಗೆ ದಾರ ಕಟ್ಟುವ ಡಿಸೈನ್ ಚೆಂದ ಕಾಣುತ್ತದೆ, ಹಸಿದ ಕೂಸು ಅದನ್ನು ಮೆಚ್ಚುವುದಿಲ್ಲ.

5. ಜೇಬು ಇಡಿಸಿ

ಕುರ್ತಾಕ್ಕೆ, ಚೂಡಿದಾರಕ್ಕೆ, ಸಾಧ್ಯವಿದ್ದರೆ ಸೀರೆಯ ಪೆಟಿಕೋಟಿಗೂ. ಕೀಲಿಕೈ, ಸೀಮೆಸುಣ್ಣ, ಮಗುವಿನ ಕರ್ಚೀಫು, ಬಸ್ಸಿನ ಚಿಲ್ಲರೆ ಎಲ್ಲ ಅಲ್ಲೇ. ಗಂಡಸರ ಅಂಗಿಗೆ ಕೇಳದೆಯೇ ಜೇಬು ಬರುತ್ತದೆ; ನಾವು ಹೇಳಿ ಹೇಳಿ ಇಡಿಸಬೇಕು.

6. ಯಾರೂ ಗಮನಿಸುವುದಿಲ್ಲ ಎಂಬುದು ಸುಳ್ಳು

ಎಂಟನೇ ತರಗತಿಯ ಹುಡುಗಿಯರು ಎಲ್ಲವನ್ನೂ ಗಮನಿಸುತ್ತಾರೆ. “ಟೀಚರ್, ಇವತ್ತು ಗುರುವಾರದ ಸೀರೆ ಬುಧವಾರವೇ ಬಂತಲ್ಲ?” ಎಂದು ಒಬ್ಬಳು ಕೇಳಿದಳು. “ಗುರುವಾರದ್ದು ಒಣಗಿತ್ತು ಮಾರಾಯ್ತಿ, ಬುಧವಾರದ್ದು ಒಣಗಿರಲಿಲ್ಲ” ಎಂದೆ. ತರಗತಿಯೆಲ್ಲ ನಕ್ಕಿತು, ವಿಷಯ ಅಲ್ಲಿಗೆ ಮುಗಿಯಿತು. ಅದದೇ ಬಟ್ಟೆ ಹಾಕುವವರು ಮುಜುಗರಪಟ್ಟರೆ ಮಾತ್ರ ಅದು ಮಾತಾಗುತ್ತದೆ. ಮದುವೆ ಮನೆಯಲ್ಲಿ “ಇದು ಹೋದ ಸಲದ್ದೇ ಅಲ್ವನೇ?” ಎಂದು ಚಿಕ್ಕಮ್ಮ ಕೇಳಿದರೂ ಅಷ್ಟೇ. “ಹೌದು ಚಿಕ್ಕಮ್ಮ, ಮುಂದಿನ ಸಲವೂ ಇದೇ.”

7. ರೇಷ್ಮೆ ಮೂರಕ್ಕಿಂತ ಹೆಚ್ಚಿದ್ದರೆ ಅದನ್ನು ಕಾಯುವುದೇ ಕೆಲಸ

ಮಲೆನಾಡಿನಲ್ಲಿ ಮುಚ್ಚಿಟ್ಟದ್ದಕ್ಕೆಲ್ಲ ಬೂಷ್ಟು. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ತೇವ ಒಳಗೇ ಉಳಿಯುತ್ತದೆ. ಒಗೆದ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಡಿ. ನುಸಿಗುಳಿಗೆ ಜರಿಗೆ ತಾಗಿದರೆ ಜರಿ ಕಪ್ಪಾಗುತ್ತದೆ, ಅದರ ಬದಲು ಲಾವಂಚದ ಬೇರು ಇಡಿ. ಕೆಲವು ತಿಂಗಳಿಗೊಮ್ಮೆ ಮಡಿಕೆ ಬದಲಿಸದಿದ್ದರೆ ರೇಷ್ಮೆ ಮಡಿಕೆಯಲ್ಲೇ ಸೀಳುತ್ತದೆ. ಇಪ್ಪತ್ತು ಸೀರೆಗೆ ಈ ಸೇವೆ ಮಾಡುವಷ್ಟು ಪುರುಸೊತ್ತು ಯಾವ ತಾಯಿಗಿದೆ? ಮೂರರಲ್ಲಿ ಒಂದು ಮೈಸೂರು ರೇಷ್ಮೆಯಾಗಿರಲಿ. ಬೆಲೆ ಹೆಚ್ಚು, ಆದರೆ ಕ್ರೇಪ್ ಆದ್ದರಿಂದ ಬೇಗ ಸುಕ್ಕಾಗದು. ಮಗುವನ್ನು ಎತ್ತಿಕೊಂಡು ಬಸ್ಸಿನಲ್ಲಿ ಹೋದರೂ ಮದುವೆ ಮನೆಯಲ್ಲಿ ಇಳಿದಾಗ ಉಟ್ಟ ಹಾಗೇ ಇರುತ್ತದೆ.

8. ಬರುವ ದಾರಿಯನ್ನೂ ನೋಡಿ

ನಾವು ಕೊಂಡದ್ದರಿಂದಲೇ ಬೀರು ತುಂಬುವುದಿಲ್ಲ. ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಒಂದು ಕಣ. ಗೌರಿ ಹಬ್ಬದಲ್ಲಿ ಬಂದ ಕಣ ನವರಾತ್ರಿಯಲ್ಲಿ ಇನ್ನೊಬ್ಬರ ಮನೆಗೆ, ಅಲ್ಲಿಂದ ಮತ್ತೊಂದು ಮನೆಗೆ. ಯಾರೂ ಹೊಲಿಸದ ಕಣಗಳು ಊರೂರು ಸುತ್ತುತ್ತಿವೆ. ನಾನು ಈಗ ತೆಂಗಿನಕಾಯಿ, ಹೂವಿನ ಜೊತೆ ಕಣದ ಬದಲು ಕೈಮಗ್ಗದ ಟವಲು ಕೊಡುತ್ತೇನೆ. ಅತ್ತೆ ಮೊದಲು ಒಪ್ಪಲಿಲ್ಲ. ಟವಲು ಪಡೆದವರು ಮತ್ತೆ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದ ಮೇಲೆ ಸುಮ್ಮನಾದರು.

ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಬಿಟ್ಟು ಬರಬೇಕೆಂಬ ರೂಢಿಯಂತೆ ತಾವು ಸೀರೆ ಕೊಳ್ಳುವುದನ್ನು ಬಿಟ್ಟದ್ದಾಗಿ ಸುಧಾ ಮೂರ್ತಿಯವರು ಹಲವು ಕಡೆ ಹೇಳಿದ್ದಾರೆ. ದೊಡ್ಡ ಮಾತು. ನನಗೆ ಅಷ್ಟು ಮನೋಬಲವಿಲ್ಲ. ಹಬ್ಬಕ್ಕೊಂದು ಕೊಳ್ಳುತ್ತೇನೆ, ಹಳೆಯದೊಂದು ಹೊರಗೆ ಹೋಗುತ್ತದೆ. ಹೋದ ಹತ್ತಿ ಸೀರೆ ವ್ಯರ್ಥವಾಗುವುದಿಲ್ಲ: ಎಳೆಗೂಸಿಗೆ ಅದಕ್ಕಿಂತ ಮೆತ್ತನೆಯ ಬಟ್ಟೆ ಸಿಗದು, ಉತ್ತರ ಕರ್ನಾಟಕದವರಾದರೆ ಕೌದಿ ಹೊಲಿಸಬಹುದು.

9. ಮಡಚುವ ಕೈ ಹೆಚ್ಚಾಗಲಿ

ಬಟ್ಟೆ ಕಡಿಮೆ ಮಾಡಿ ನನಗೆ ಉಳಿದ ಸಮಯಕ್ಕಿಂತ, ಮಡಚುವುದನ್ನು ಮಗನಿಗೂ ಇಸ್ತ್ರಿಯನ್ನು ಅವನ ಅಪ್ಪನಿಗೂ ವಹಿಸಿ ಉಳಿದದ್ದೇ ಜಾಸ್ತಿ. ಮಗ ಮಡಚಿದ ಸೀರೆ ನಾನು ಮಡಚಿದಂತಿರುವುದಿಲ್ಲ. ಇರಲಿ, ಉಡುವಾಗ ಬಿಚ್ಚಲೇಬೇಕಲ್ಲ.

10. ಹೊಲಿಸುವುದಿದ್ದರೆ ಏಪ್ರಿಲ್‌ನಲ್ಲೇ ಕೊಡಿ

ಮಳೆಗಾಲದ ಬಟ್ಟೆಗಳನ್ನು ಬೇಸಿಗೆ ರಜೆ ಶುರುವಾದ ಕೂಡಲೇ ತೆಗೆದು ನೋಡಿ, ಹುಕ್ಕು ಕಿತ್ತದ್ದು, ಬಿಗಿಯಾದದ್ದು ಬೇರೆ ಮಾಡಿ ಟೈಲರ್‌ಗೆ ಕೊಟ್ಟುಬಿಡಿ. ಮೇ ಕೊನೆಗೆ ಹೋದರೆ ಶಾಲೆ ಮಕ್ಕಳ ಯೂನಿಫಾರಂ ರಾಶಿ ಬಿದ್ದಿರುತ್ತದೆ, ನಿಮ್ಮ ರವಿಕೆ ಸಿಗುವುದು ಜುಲೈಗೆ.